ಒಂದು ಗೇಣು ಜಾಗ

ಗುಬ್ಬಿ
8 ಆಗಸ್ಟ್ 1999

ಪ್ರೀತಿಯ ಭಾಯಿ, ಅಸ್ಸಲಾಮು ಅಲೈಕುಂ.

ನಾವೆಲ್ಲ ಚೆನ್ನಾಗಿದ್ದೇವೆ ಎಂದು ಶುರು ಮಾಡುವುದು ರೂಢಿ. ಇವತ್ತು ನನ್ನ ಮನಸ್ಸು ಸರಿಯಾಗಿಲ್ಲ, ಅದಕ್ಕೇ ನೇರವಾಗಿ ವಿಷಯಕ್ಕೆ ಬರುತ್ತೇನೆ. ಫೋನ್ ಮಾಡೋಣವೆಂದರೆ ಪಕ್ಕದ ಮನೆ ಸದಾಶಿವಯ್ಯ ಮೇಷ್ಟ್ರ ಹಜಾರದಲ್ಲಿ ನಿಂತು ಗಂಡನ ಮೇಲೆ ದೂರು ಹೇಳುವುದಕ್ಕಾಗುತ್ತದೆಯೇ? ಉರ್ದು ಬರೆಯಲು ನಿನಗೂ ಬಾರದು, ನನಗೂ ಬಾರದು. ಸರ್ಕಾರಿ ಶಾಲೆ ಕಲಿಸಿದ ಕನ್ನಡವೇ ನಮಗೆ ಗತಿ.

ಹೋದ ವರ್ಷ ದಮ್ಮಾಮಿನಿಂದ ಒಂದು ಫೋಟೊ ಕಳಿಸಿದ್ದೆಯಲ್ಲ, ನಿನ್ನ ಟ್ರೈಲರಿನ ಮುಂದೆ ಕಪ್ಪು ಕನ್ನಡಕ ಹಾಕಿಕೊಂಡು ನಿಂತದ್ದು? ಆ ಫೋಟೊವೇ ಈಗ ನನ್ನ ಕೊರಳಿಗೆ ಬಂದಿದೆ. ಇವರು ಅದನ್ನು ಜೇಬಿನಲ್ಲಿಟ್ಟುಕೊಂಡು ತುಮಕೂರಿನ ಸತ್ಯಮಂಗಲಕ್ಕೆ ಹೋಗಿ, ಅಲ್ಲೊಂದು ವೆಲ್ಡಿಂಗ್ ಶೆಡ್ಡಿನವನಿಗೆ ತೋರಿಸಿ, "ಇದೇ ಥರದ್ದು ಚಿಕ್ಕದು ಮಾಡ್ಕೊಡಪ್ಪ, ನಮ್ ಪಿಕಪ್‌ಗೆ" ಎಂದಿದ್ದಾರೆ. ಅವನು ಮಾಡಿಯೂ ಕೊಟ್ಟಿದ್ದಾನೆ. ಟ್ರೈಲರಿನ ಕತ್ತು ಪಿಕಪ್ಪಿನ ಹಿಂಬದಿಯ ಮೇಲೆ ಹಾದು ಬಂದು, ಬಾಡಿಯೊಳಗೆ ಕೂರಿಸಿದ ಕಬ್ಬಿಣದ ತಟ್ಟೆಗೆ ಕಚ್ಚಿಕೊಳ್ಳುತ್ತದೆ. ಶಾಮಿಯಾನದ ಉದ್ದ ಕಂಬಗಳು, ಕುರ್ಚಿ, ಜಮಖಾನ, ಬಿರಿಯಾನಿ ದೇಗ್‌ಗಳು ಎಲ್ಲ ಒಂದೇ ಟ್ರಿಪ್ಪಿಗೆ ಹೋಗುತ್ತವೆ, ಬಾಡಿಗೆ ಲಾರಿಯ ಹಂಗು ಬೇಡ ಎಂದು ಇವರ ಖುಷಿ ಹೇಳತೀರದು. ಶಾಮಿಯಾನದ ಅಂಗಡಿಗೆ ಬಂದವರಿಗೆಲ್ಲ "ಗಲ್ಫ್ ಟೆಕ್ನಿಕ್ಕು, ಫಿಫ್ತ್ ವೀಲ್ ಅಂತಾರೆ ಇದಕ್ಕೆ" ಎಂದು ತೋರಿಸುತ್ತಾರೆ.

ಆದರೆ ಭಾಯಿ, ನಮ್ಮದು ಮೋಟು ಬಾಡಿಯ ಪಿಕಪ್ಪು. ಮೊದಲನೇ ದಿನವೇ ನಮ್ಮ ಬೀದಿಯ ತಿರುವಿನಲ್ಲಿ ಟ್ರೈಲರಿನ ಮೂತಿಯ ಮೂಲೆ ಬಂದು ಕ್ಯಾಬಿನ್ನಿನ ಬೆನ್ನಿಗೆ ಕರ್ರ್ ಎಂದು ಉಜ್ಜಿತು. ನನ್ನ ಮಗು ಸಿದ್ರಾ ಒಳಗೆ ಎಡಗಡೆ ಸೀಟಿನಲ್ಲಿ ಕೂತಿದ್ದಳು. ಅವಳ ತಲೆಯ ಹಿಂದಿನ ಗ್ಲಾಸಿಗೂ ಆ ಕಬ್ಬಿಣದ ಮೂಲೆಗೂ ಮಧ್ಯೆ ಏನೂ ಇರಲಿಲ್ಲ. ನಾನು ಬಾಗಿಲಲ್ಲಿ ನಿಂತು ನೋಡಿದೆ. ಇವರು ಇಳಿದು ಬಣ್ಣ ಹೋದ ಜಾಗ ಸವರಿ, "ದೃಷ್ಟಿ ಬಿತ್ತು ಬಿಡು" ಎಂದು ನಕ್ಕರು. ಆಮೇಲೆ ನಿಟ್ಟೂರಿನ ರಸ್ತೆಯಲ್ಲಿ ಟ್ರೈಲರು ಬಾಲ ಅಲ್ಲಾಡಿಸಿದಂತೆ ಅತ್ತಿತ್ತ ತೂಗಾಡಿತಂತೆ. ಅದನ್ನು ಇವರು ಹೇಳಲಿಲ್ಲ. ಲೋಡ್ ಮಾಡುವ ಅಡವಿಯಪ್ಪ ಹೇಳಿದ್ದು. "ಅಮ್ಮಾ, ಗಾಡಿ ನಮ್ಮುನ್ನ ಎಳ್ಕೊಂಡ್ ಓಯ್ತದಾ, ನಾವು ಗಾಡೀನ ಎಳ್ಕೊಂಡ್ ಓಯ್ತಿದೀವಾ, ಒಂದೂ ಗೊತ್ತಾಗ್ನಿಲ್ಲ" ಎಂದ.

ಇದು ಓಡಿಸುವಂಥ ಗಾಡಿಯೋ ಅಲ್ಲವೋ, ನೀನೇ ಹೇಳು. ನನ್ನ ಮಾತು ಇವರ ಕಿವಿಗೆ ಹೋಗುವುದಿಲ್ಲ.

ನಿನ್ನ ತಂಗಿ,
ರೂಬಿ

*

ದಮ್ಮಾಮ್
27 ಆಗಸ್ಟ್ 1999

ರೂಬಿಗೆ ಭಾಯಿಯ ದುವಾ.

ಆ ಫೋಟೊ ಕಳಿಸಿದ ನನ್ನ ಕೈಗಿಷ್ಟು ಬೆಂಕಿ ಹಾಕ. ಅಲ್ಲ ಕಣೇ, ಫೋಟೊ ನೋಡಿ ಟ್ರೈಲರು ಕಟ್ಟುತ್ತಾರೇನೇ? ಮುಜಮ್ಮಿಲ್‌ಗೆ ಬುದ್ಧಿ ಎಲ್ಲಿಗೆ ಹೋಗಿತ್ತು? ಈ ಕಾಗದವನ್ನು ಅವನಿಗೆ ಓದಿ ಹೇಳು, ಜೋರಾಗಿ ಓದು.

ಉದ್ದ ಬಾಡಿಯ ಗಾಡಿಯಲ್ಲಿ ತಟ್ಟೆಗೂ ಕ್ಯಾಬಿನ್ನಿಗೂ ನಡುವೆ ಜಾಗ ಇರುತ್ತದೆ. ಎಷ್ಟು ತಿರುಗಿಸಿದರೂ ಟ್ರೈಲರಿನ ಮೂತಿ ತಾಗುವುದಿಲ್ಲ. ಮೋಟು ಬಾಡಿಯಲ್ಲಿ ಆ ಜಾಗವೇ ಇಲ್ಲ. ಕಿರಿದಾದ ಬಾಗಿಲಲ್ಲಿ ಮಂಚ ತಿರುಗಿಸಿ ಒಳಗೆ ತರುವಾಗ ಮೂಲೆ ಗೋಡೆಗೆ ಬಡಿಯುತ್ತದಲ್ಲ, ಹಾಗೆಯೇ ಇದು. ಹಾಗಂತ ತಟ್ಟೆಯನ್ನು ಹಿಂದಕ್ಕೆ ಸರಿಸಿ ಬೋಲ್ಟ್ ಹಾಕಿಬಿಟ್ಟರೆ ಇನ್ನೂ ಕೆಟ್ಟದ್ದು. ಭಾರವೆಲ್ಲ ಹಿಂದಿನ ಚಕ್ರದ ಆಚೆ ಬೀಳುತ್ತದೆ, ಮುಂದಿನ ಚಕ್ರ ಹಗುರಾಗುತ್ತದೆ, ಸ್ಟೇರಿಂಗ್ ತಿರುಗಿಸಿದರೂ ಗಾಡಿ ಕೇಳುವುದಿಲ್ಲ.

ಇದಕ್ಕೆ ಇರುವುದು ಒಂದೇ ದಾರಿ. ತಟ್ಟೆಯನ್ನು ಎರಡು ಹಳಿಗಳ ಮೇಲೆ ಕೂರಿಸಿ, ಹಿಂದೆ ಮುಂದೆ ಜಾರುವಂತೆ ಮಾಡಿಸಲಿ. ಗಲ್ಲಿಯೊಳಗೆ ತಿರುಗುವಾಗ ಹಿಂದಕ್ಕೆ ಜಾರಿಸಬೇಕು, ಆಗ ಮೂತಿ ತಾಗುವುದಿಲ್ಲ, ಆದರೆ ನಡಿಗೆಯ ವೇಗ ಮಾತ್ರ. ರಸ್ತೆಗೆ ಬಂದ ಕೂಡಲೇ ಮುಂದಕ್ಕೆ ಜಾರಿಸಬೇಕು. ತಟ್ಟೆ ಹಿಂದಿದ್ದರೂ ಮುಂದಿದ್ದರೂ ಪಿನ್ನು ಹಾಕಿ ಭದ್ರ ಮಾಡಬೇಕು. ಆ ಪಿನ್ನು ಸಿಕ್ಕಿದ ಕಬ್ಬಿಣದ್ದಲ್ಲ, ಹಳೇ ಆಕ್ಸಲ್ ರಾಡಿನಿಂದ ಲೇತಿನಲ್ಲಿ ಕಡೆಸಿದ ಉಕ್ಕಿನದು ಆಗಬೇಕು. ಅಷ್ಟು ತೂಕವನ್ನು ಹಿಡಿದುಕೊಳ್ಳುವುದು ಆ ಒಂದು ಪಿನ್ನೇ. ಟ್ರೈಲರಿಗೆ ಅದರದೇ ಬ್ರೇಕೂ ಇರಬೇಕು, ಇಲ್ಲದಿದ್ದರೆ ಮಾಡಿಸಲಿ.

ಬಾಲ ಅಲ್ಲಾಡುವುದು ಯಾಕೆಂದು ನನಗೆ ಇಲ್ಲಿಂದಲೇ ಗೊತ್ತು. ದೇಗ್‌ಗಳು, ಒಲೆ ಕಲ್ಲು, ಸೌದೆ ಎಲ್ಲ ಹಿಂಬಾಗಿಲ ಹತ್ತಿರ ತುಂಬುತ್ತಾನೆ, ಹೌದೋ ಅಲ್ಲವೋ? ಶಾಮಿಯಾನದವರ ಹಳೇ ಚಾಳಿ ಅದು, ಮೊದಲು ಬೇಕಾದದ್ದು ಕೊನೆಗೆ ಹತ್ತಬೇಕು ಅನ್ನುವುದು. ಮದುವೆ ಮನೆಯಲ್ಲಿ ಎಲ್ಲಕ್ಕಿಂತ ಮೊದಲು ಒಲೆ ಹೊತ್ತಬೇಕಲ್ಲ! ಲಾರಿಗೆ ಅದು ಸರಿ. ಇದಕ್ಕೆ ಅದೇ ಯಮ. ಬಾಲದಲ್ಲಿ ಭಾರ ಬಿದ್ದರೆ ಕತ್ತು ಮೇಲೆ ಎತ್ತುತ್ತದೆ, ಟ್ರೈಲರು ತೂಗಲು ಶುರು ಮಾಡುತ್ತದೆ, ಪಿಕಪ್ಪನ್ನೂ ಎಳೆದುಕೊಂಡು ಹಳ್ಳಕ್ಕೆ ಹೋಗುತ್ತದೆ. ಭಾರದ್ದೆಲ್ಲ ಮುಂದೆ, ಹಗುರದ್ದು ಹಿಂದೆ.

ಕೊನೆಯದಾಗಿ, ಗಲ್ಲಿಯಲ್ಲಿ ತಿರುಗಿಸುವಾಗ ಒಬ್ಬರು ಕೆಳಗಿಳಿದು ಮೂತಿಗೂ ಕ್ಯಾಬಿನ್ನಿಗೂ ಎಷ್ಟು ಜಾಗ ಇದೆ ಎಂದು ನೋಡುತ್ತಾ ಕೂಗಬೇಕು. ಒಂದು ಗೇಣಿಗಿಂತ ಕಡಿಮೆಯಾದರೆ ನಿಲ್ಲಿಸಬೇಕು, ಅಷ್ಟೇ. ಹಟ ಮಾಡಬಾರದು.

ಮುಜಮ್ಮಿಲ್, ನೀನು ನಗುತ್ತಿದ್ದೀಯ ಅಂತ ನನಗೆ ಗೊತ್ತು. ನಗಬೇಡ.

ಫೈಜಲ್

*

ಗುಬ್ಬಿ
19 ಸೆಪ್ಟೆಂಬರ್ 1999

ಪ್ರೀತಿಯ ಭಾಯಿ,

ನೀನು ಹೇಳಿದಂತೆಯೇ ಜೋರಾಗಿ ಓದಿದೆ. ಬೀದಿಗೆಲ್ಲ ಕೇಳುವಂತೆ ಓದಿದೆ. ಇವರು ನಕ್ಕಿದ್ದು ನಿಜ. "ನಗಬೇಡ" ಎನ್ನುವ ಸಾಲು ಬಂದಾಗ ಮಾತ್ರ ನಗು ನಿಂತಿತು.

ಮಾರನೇ ದಿನವೇ ಸತ್ಯಮಂಗಲಕ್ಕೆ ಹೋಗಿ ಹಳಿ ಹಾಕಿಸಿ, ತಟ್ಟೆ ಜಾರುವಂತೆ ಮಾಡಿಸಿಕೊಂಡು ಬಂದರು. ಟ್ರೈಲರಿಗೆ ಬ್ರೇಕನ್ನೂ ಹಾಕಿಸಿದ್ದಾರೆ. ಪಿನ್ನು ಹೆಬ್ಬೆರಳು ದಪ್ಪ ಇದೆ, ತುದಿಗೆ ಒಂದು ಉಂಗುರ. ಕೈಯಲ್ಲಿ ಹಿಡಿದರೆ ತಣ್ಣಗೆ ಭಾರ. ಇಷ್ಟಿದೆಯಲ್ಲ, ಇದು ಅಷ್ಟು ದೊಡ್ಡ ಟ್ರೈಲರನ್ನು ಹಿಡಿದುಕೊಳ್ಳುತ್ತದೆಯೇ ಎಂದು ನನಗೆ ನಂಬಿಕೆಯೇ ಬರುವುದಿಲ್ಲ. ಕೆಲಸ ಮುಗಿದ ಮೇಲೆ ಅಡುಗೆಮನೆಯ ಗೂಡಿನಲ್ಲಿ ಇಡುತ್ತಾರೆ. ನಾನು ದಿನಾ ಒರೆಸುತ್ತೇನೆ.

ದೇಗ್‌ಗಳನ್ನು ಮುಂದೆ ತುಂಬಿದ್ದಕ್ಕೆ ಅಡುಗೆಯ ಬಾನು ಆಪಾ ಎಷ್ಟು ರೇಗಿದರು ಗೊತ್ತೇ? "ಕುರ್ಚಿ ಇಳಿಸ್ಬೇಕು, ಜಮಖಾನ ಇಳಿಸ್ಬೇಕು, ಆಮೇಲೆ ನನ್ನ ದೇಗು! ಅಷ್ಟೊತ್ತಿಗೆ ಮದುಮಗಳಿಗೆ ಮಗು ಆಗಿರುತ್ತೆ!" ಎಂದರು. ಕೊನೆಗೆ ಟ್ರೈಲರಿನ ಪಕ್ಕಕ್ಕೆ, ಮುಂದುಗಡೆಯೇ, ಒಂದು ಬಾಗಿಲು ಕೊರೆಸಿದ ಮೇಲೆ ಸಮಾಧಾನವಾಯಿತು. ಈಗ ತೂಗಾಟ ನಿಂತಿದೆ ಎಂದು ಅಡವಿಯಪ್ಪ ಹೇಳುತ್ತಾನೆ. ಅವನ ಮಾತನ್ನು ನಂಬುತ್ತೇನೆ, ಇವರದನ್ನಲ್ಲ.

ಗೇಣಿನ ಲೆಕ್ಕ ಯಾರದು ಗೊತ್ತೇ? ನಿನ್ನ ಸೊಸೆ ಸಿದ್ರಾಳದು. ನಾನು ಓದುವಾಗ ಕಿವಿಗೊಟ್ಟು ಕೇಳಿಸಿಕೊಂಡಿದ್ದಾಳೆ. ಗಲ್ಲಿ ಬಂದ ಕೂಡಲೇ "ಮಾಮೂ ಹೇಳವ್ರೆ!" ಎಂದು ಕೆಳಗೆ ಹಾರಿ ಅಡವಿಯಪ್ಪನ ಪಕ್ಕ ನಿಂತುಬಿಡುತ್ತಾಳೆ. "ಎರಡ್ ಗೇಣಿದೆ! ಒಂದೂವರೆ ಇದೆ! ಒಂದಿದೆ, ನಿಲ್ಸಿ ಅಬ್ಬಾ!" ಎಂದು ಕೂಗುತ್ತಾಳೆ. ಏಳು ವರ್ಷದ ಹುಡುಗಿ ಕೂಗಿದರೆ ಇವರು ನಿಲ್ಲಿಸುತ್ತಾರೆ. ನಾನು ಕೂಗಿದರೆ ಎಕ್ಸಲೇಟರ್ ಒತ್ತುತ್ತಾರೆ.

ಎಲ್ಲ ಸರಿಯಾಗಿದೆ ಅಲ್ಲವೇ? ಆದರೂ ಇಂಜಿನ್ ಶಬ್ದ ಬೀದಿ ದಾಟುವವರೆಗೂ ನನ್ನ ಕೈಯಲ್ಲಿದ್ದ ಪಾತ್ರೆ ಕೈಯಲ್ಲೇ ಇರುತ್ತದೆ. ಹಗ್ಗ ಹಾವಾಗಿ ಕಾಣುವವಳು ಎಂದು ಇವರು ಆಡಿಕೊಳ್ಳುತ್ತಾರೆ. ಇರಲಿ.

ಒಂದು ಮಾತು ಕೇಳಲೇ? ಮೊದಲೆಲ್ಲ ನಿನ್ನ ಕಾಗದದಲ್ಲಿ ಎಲ್ಲೆಲ್ಲಿ ಹೋದೆ, ಯಾವ ರಸ್ತೆಯಲ್ಲಿ ಒಂಟೆ ಅಡ್ಡ ಬಂತು ಎಂದೆಲ್ಲ ಇರುತ್ತಿತ್ತು. ಈ ಸಲ ನಿನ್ನ ಗಾಡಿಯ ಸುದ್ದಿಯೇ ಇಲ್ಲ. ಆರೋಗ್ಯ ತಾನೇ?

ನಿನ್ನ ತಂಗಿ,
ರೂಬಿ

*

ಗುಬ್ಬಿ
10 ಅಕ್ಟೋಬರ್ 1999

ಫೈಜಲ್ ಭಾಯಿಗೆ ಮುಜಮ್ಮಿಲ್ ಮಾಡುವ ಸಲಾಂ.

ನಿಮ್ಮ ತಂಗಿ ಕಾಗದದ ಮೇಲೆ ಕಾಗದ ಬರೆದು ನನ್ನನ್ನು ಕಟಕಟೆಗೆ ಹತ್ತಿಸಿದ್ದಾಳೆ, ಅದಕ್ಕೇ ನನ್ನ ಪರವಾಗಿ ನಾನೇ ಬರೆಯುತ್ತಿದ್ದೇನೆ. ನೀವು ಹೇಳಿದ್ದನ್ನೆಲ್ಲ ಮಾಡಿಸಿದ್ದೇನೆ ಭಾಯಿ. ಗಾಡಿ ಈಗ ಮದುಮಗಳ ಥರ ತಲೆ ತಗ್ಗಿಸಿಕೊಂಡು ಹಿಂದೆ ಬರುತ್ತದೆ. ಆದರೂ ಇವಳಿಗೆ ಸಮಾಧಾನ ಇಲ್ಲ. ಹೊರಡುವಾಗ ಬಾಗಿಲಲ್ಲಿ ನಿಂತು ದುವಾ ಓದುತ್ತಾಳಲ್ಲ, ಆ ಮುಖ ನೋಡಿದರೆ ನಾನು ಮದುವೆಗೆ ಹೋಗುತ್ತಿದ್ದೇನೋ ಮಯ್ಯತ್ತಿನ ಮಣ್ಣಿಗೆ ಹೋಗುತ್ತಿದ್ದೇನೋ ಎಂದು ನನಗೇ ಅನುಮಾನ ಬರುತ್ತದೆ. ಭಯ ಒಂದು ಅಂಟುರೋಗ ಭಾಯಿ. ಸ್ಟೇರಿಂಗ್ ಹಿಡಿದವನಿಗೆ ಅದು ಅಂಟಬಾರದು, ಈ ಮಾತು ನಿಮಗೆ ನಾನು ಹೇಳಬೇಕಾಗಿಲ್ಲ.

ರಂಜಾನಿಗೆ ಮುಂಚೆ ಮದುವೆಗಳ ಸುಗ್ಗಿ. ನವೆಂಬರ್ ಏಳಕ್ಕೆ ಕುಣಿಗಲ್ಲಿನಲ್ಲಿ ನಮ್ಮ ಅಕ್ಕನ ಮಗಳ ಶಾದಿ ಇದೆ. ಶಾಮಿಯಾನ, ಅಡುಗೆ ಸಾಮಾನು ಎಲ್ಲ ನನ್ನದೇ. ನಮ್ಮ ಟ್ರೈಲರನ್ನು ನೆಂಟರೆಲ್ಲ ಮೊದಲ ಸಲ ನೋಡುವುದು ಅವತ್ತೇ. ರೂಬಿಗೆ ಈಗ ಮೂರು ತಿಂಗಳು (ನಿಮಗೆ ಬರೆದಿಲ್ಲ ಅಂತ ಕಾಣುತ್ತೆ, ನಾಚಿಕೆ), ಡಾಕ್ಟರು ಪ್ರಯಾಣ ಬೇಡ ಎಂದಿದ್ದಾರೆ. ಸಿದ್ರಾಳನ್ನು ನನ್ನ ಜೊತೆ ಕರೆದುಕೊಂಡು ಹೋಗುತ್ತೇನೆ. ಗೇಣು ಅಳೆಯುವ ಇಂಜಿನಿಯರ್ ಅವಳೇ ತಾನೇ!

ಸ್ವಲ್ಪ ನಿಮ್ಮ ತಂಗಿಗೆ ಧೈರ್ಯದ ಮಾತು ಬರೆಯಿರಿ. ನೀವು ಬರೆದರೆ ಕೇಳುತ್ತಾಳೆ.

ಇತಿ,
ಮುಜಮ್ಮಿಲ್

*

ದಮ್ಮಾಮ್
29 ಅಕ್ಟೋಬರ್ 1999

ರೂಬಿ,

ಧೈರ್ಯದ ಮಾತು ಬರೆಯಬೇಕೆಂದು ಮುಜಮ್ಮಿಲ್ ಕೇಳಿದ್ದಾನೆ. ನನ್ನ ಹತ್ತಿರ ಇಲ್ಲದ್ದನ್ನು ಎಲ್ಲಿಂದ ಕೊಡಲಿ?

ಮಗುವನ್ನು ಅಲ್ಲಿ ನಿಲ್ಲಿಸಬೇಡಿ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಒಬ್ಬರು ಇಳಿದು ನೋಡಬೇಕು ಎಂದು ನಾನೇ ಬರೆದೆ, ನಿಜ. ಆ ಒಬ್ಬರು ಸಿದ್ರಾ ಆಗುತ್ತಾಳೆಂದು ನನಗೇನು ಗೊತ್ತಿತ್ತು?

ನನ್ನ ಗಾಡಿಯ ಸುದ್ದಿ ನೀನು ಕೇಳಿದ್ದೀಯ. ನಾನು ಜೂನ್ ತಿಂಗಳಿನಿಂದ ಗಾಡಿ ಓಡಿಸಿಲ್ಲ. ಯಾರ್ಡಿನಲ್ಲಿ ಟೈರು ತೊಳೆಯುವ ಕೆಲಸ ಮಾಡಿಕೊಂಡಿದ್ದೇನೆ. ಕೋಯಾ ಅಂತ ಒಬ್ಬ ಇದ್ದ, ಕಾಸರಗೋಡಿನವನು, ನನ್ನ ರೂಮಿನಲ್ಲೇ ಇದ್ದವನು. ಕನ್ನಡ ಮಾತಾಡುತ್ತಿದ್ದ, ಅದಕ್ಕೇ ನನಗೆ ಅವನೆಂದರೆ ಪ್ರಾಣ. ಟ್ರೈಲರಿಗೂ ಗಾಡಿಗೂ ಮಧ್ಯೆ ನಿಂತು "ಇನ್ನೂ ಜಾಗ ಇದೆ, ಬಾ ಬಾ" ಎಂದು ಕೈ ಆಡಿಸುತ್ತಿದ್ದ. ಗಾಡಿಯಲ್ಲಿದ್ದವನು ಬೇರೆ ಡ್ರೈವರು, ನಾನಲ್ಲ. ನಾನು ಪಕ್ಕದಲ್ಲಿ ಚಹಾ ಕುಡಿಯುತ್ತಾ ನಿಂತಿದ್ದೆ. ಬಾ ಬಾ ಎನ್ನುತ್ತಿದ್ದವನು ಒಂದು ಸಲ ಬಾ ಎಂದ, ಎರಡನೇ ಸಲ ಅನ್ನಲಿಲ್ಲ. ಒಂದು ಗೇಣು ಜಾಗ ಎಷ್ಟು ಬೇಗ ಮುಗಿದುಹೋಗುತ್ತದೆ ಎಂದು ನಾನು ಕಣ್ಣಾರೆ ಕಂಡವನು ಕಣಮ್ಮಾ. ಅವತ್ತಿನಿಂದ ಡ್ರೈವರ್ ಸೀಟಿಗೆ ಕಾಲಿಟ್ಟರೆ ತೊಡೆ ನಡುಗುತ್ತದೆ. ಮಾಲೀಕನಿಗೆ ಬೆನ್ನುನೋವು ಎಂದು ಹೇಳಿಕೊಂಡಿದ್ದೇನೆ.

ಸಿದ್ರಾಳನ್ನು ಕ್ಯಾಬಿನ್ನಿನಲ್ಲಿ ಕೂರಿಸಿ, ಬಾಗಿಲು ಹಾಕಿ, ಅಲ್ಲಾಡದಂತೆ ಇರಲು ಹೇಳು. ಕೆಳಗೆ ಇಳಿಯಲೇಬಾರದು. ಏಳನೇ ತಾರೀಕಿನೊಳಗೆ ಈ ಕಾಗದ ನಿನ್ನ ಕೈ ಸೇರಲಿ ಎಂದು ದುವಾ ಮಾಡುತ್ತಾ ಡಬ್ಬಿಗೆ ಹಾಕುತ್ತಿದ್ದೇನೆ.

ಹೊಟ್ಟೆಯಲ್ಲಿರುವ ಕೂಸಿಗೆ ಮಾಮೂನ ಮುತ್ತು.

ಫೈಜಲ್

*

ಗುಬ್ಬಿ
7 ನವೆಂಬರ್ 1999, ಭಾನುವಾರ

ಭಾಯಿ,

ಬೆಳಿಗ್ಗೆ ಹತ್ತು ಗಂಟೆ. ನಿನಗೆ ಬರೆಯುತ್ತಾ ಕೂತರೆ ಹೊತ್ತು ಹೋಗುತ್ತದೆ ಎಂದು ಕೂತಿದ್ದೇನೆ. ಅಕ್ಷರ ಗೊತ್ತಾಗದಿದ್ದರೆ ಬೈಯಬೇಡ.

ಬೆಳಗಿನ ಜಾವದ ಫಜರ್ ನಮಾಜ್ ಆದ ಮೇಲೆ ಇವರೂ ಅಡವಿಯಪ್ಪನೂ ಟ್ರೈಲರು ತುಂಬುತ್ತಿದ್ದರು. ಸಿದ್ರಾ ಹೊಸ ಬಟ್ಟೆ ಹಾಕಿಕೊಂಡು ಆಗಲೇ ಎಡಗಡೆ ಸೀಟಿನಲ್ಲಿ ಕೂತಿದ್ದಳು, ಗ್ಲಾಸಿಗೆ ತಲೆ ಆನಿಸಿಕೊಂಡು. ಆ ತಲೆ ನೋಡಿದ ಕೂಡಲೇ ನನ್ನೊಳಗೆ ಏನೋ ಹೊಕ್ಕಿತು. ಮೊದಲನೇ ದಿನ ಆ ಕಬ್ಬಿಣ ಬಂದು ಉಜ್ಜಿದ್ದು ಅದೇ ಜಾಗಕ್ಕೆ. ಹೋಗಬೇಡಿ ಎಂದರೆ ಕೇಳುವವರಲ್ಲ. ಅಡುಗೆಮನೆಗೆ ಬಂದೆ. ಗೂಡಿನಲ್ಲಿ ಪಿನ್ನು ಇತ್ತು. ತೆಗೆದು ಅಕ್ಕಿ ಡಬ್ಬಿಯೊಳಗೆ ಆಳಕ್ಕೆ ತಳ್ಳಿ, ಮೇಲೆ ಅಕ್ಕಿ ಎಳೆದುಬಿಟ್ಟೆ.

ಪಿನ್ನು ಸಿಗದಿದ್ದರೆ ಟ್ರೈಲರು ಹೊರಡುವುದಿಲ್ಲ, ಲಾರಿ ಕರೆಸುತ್ತಾರೆ, ಲಾರಿಯಲ್ಲಿ ಮಗುವಿಗೆ ಜಾಗ ಇರುವುದಿಲ್ಲ, ಮನೆಯಲ್ಲೇ ಉಳಿಯುತ್ತಾಳೆ. ನನ್ನ ಬುದ್ಧಿಗೆ ಹೊಳೆದದ್ದು ಇಷ್ಟೇ. ಇವರು ಬಂದು ಹುಡುಕಿದರು. "ರೂಬಿ, ಪಿನ್ ಎಲ್ಲೇ?" ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಅಡವಿಯಪ್ಪನ ಮೇಲೆ ಕೂಗಾಡಿದರು. ಅವನು ಪಾಪ, "ಗೂಡಲ್ಲೇ ಇಟ್ಟಿದ್ನಲ್ಲಾ ಸಾಬ್ರೇ" ಎಂದು ತಲೆ ಕೆರೆದುಕೊಂಡ. ಹೊರಗೆ ಸ್ವಲ್ಪ ಹೊತ್ತು ಸದ್ದಿಲ್ಲ. ನನಗೆ ಎಷ್ಟು ನೆಮ್ಮದಿಯಾಯಿತು ಭಾಯಿ! ಮಗುವಿಗೆಂದು ದೋಸೆ ಹಾಕಲು ಹೆಂಚು ಇಟ್ಟೆ.

ಆಮೇಲೆ ಠಣ್ ಠಣ್ ಎಂದು ಸುತ್ತಿಗೆಯ ಸದ್ದು ಬಂತು. ಇಂಜಿನ್ ಸದ್ದೂ ಬಂತು. ನಾನು ಓಡಿ ಬಾಗಿಲಿಗೆ ಬರುವಷ್ಟರಲ್ಲಿ ಟ್ರೈಲರಿನ ಬಾಲ ತಿರುವಿನಲ್ಲಿ ಮರೆಯಾಯಿತು. ಅಂಗಡಿ ಮುಂದೆ ಶಾಮಿಯಾನದ ಗೂಟಗಳ ಮೂಟೆ ಬಾಯಿ ಬಿಚ್ಚಿ ಬಿದ್ದಿತ್ತು.

ಪಿನ್ನಿನ ತೂತಿಗೆ ಶಾಮಿಯಾನದ ಗೂಟ ಹೊಡೆದಿದ್ದಾರೆ. ನನಗೆ ಹೊಳೆಯಲೇ ಇಲ್ಲವಲ್ಲ! ಶಾಮಿಯಾನದವರ ಮನೆಯಲ್ಲಿ ಏನು ಮುರಿದರೂ ಗೂಟವೇ. ಬಾಗಿಲ ಅಗುಳಿ ಹೋದರೆ ಗೂಟ, ಮಂಚದ ಕಾಲಿಗೆ ಗೂಟ, ಒಲೆ ಕೆದಕಲು ಗೂಟ. ಹನ್ನೆರಡು ವರ್ಷ ಈ ಮನೆಯಲ್ಲಿ ಬಾಳಿದವಳಿಗೆ ಅಷ್ಟು ಗೊತ್ತಾಗಬಾರದಿತ್ತೇ? ನೆಲದಲ್ಲಿ ಕಲ್ಲು ಸಿಕ್ಕಿದರೆ ಬಾಗಿಹೋಗುವ ಮೆತ್ತನೆಯ ಕಬ್ಬಿಣ ಅದು. ಅದರ ಮೇಲೆ ಈಗ ನನ್ನ ಗಂಡ, ನನ್ನ ಮಗಳು ಕುಣಿಗಲ್ಲಿಗೆ ಹೋಗುತ್ತಿದ್ದಾರೆ. ನಿಜವಾದ ಪಿನ್ನು ನನ್ನ ಅಕ್ಕಿ ಡಬ್ಬಿಯಲ್ಲಿದೆ.

ಹಿಂದೆಯೇ ಓಡಿದೆ. ಸರ್ಕಲ್ಲಿನವರೆಗೂ ಓಡಿದೆ, ಚಪ್ಪಲಿ ಇಲ್ಲದೆ. ಯಾರನ್ನು ಕೇಳಲಿ? ಸದಾಶಿವಯ್ಯ ಮೇಷ್ಟ್ರು ಮದುವೆ ಮನೆಗೆ ಫೋನ್ ಮಾಡಿದರು. "ಬಂದ ತಕ್ಷಣ ಗಾಡೀನ ಗಲ್ಲಿ ಹೊರಗೇ ನಿಲ್ಸೋಕೆ ಹೇಳಿ" ಎಂದು ಎರಡು ಸಲ ಒತ್ತಿ ಹೇಳಿದರು. ಅತ್ತ ಕಡೆ ವಾಲಗದ ಸದ್ದು, ಮಕ್ಕಳ ಗಲಾಟೆ, ಯಾರೋ "ಹೂಂ ಹೂಂ" ಎಂದು ಇಟ್ಟುಬಿಟ್ಟರು. ಅವರಿಗೆ ಏನು ಕೇಳಿಸಿತೋ.

ಕುಣಿಗಲ್ಲಿನ ಮನೆ ಇಳಿಜಾರು ಗಲ್ಲಿಯಲ್ಲಿದೆ. ಅಲ್ಲಿ ತಟ್ಟೆಯನ್ನು ಹಿಂದಕ್ಕೆ ಜಾರಿಸಿಯೇ ತಿರುಗಿಸಬೇಕು. ಅಲ್ಲಿ ಬ್ರೇಕ್ ಹಾಕಿದರೆ ಇಡೀ ಟ್ರೈಲರಿನ ಭಾರ ಆ ಗೂಟದ ಮೇಲೆ ನೂಕುತ್ತದೆ. ಗೂಟ ತುಂಡಾದರೆ ತಟ್ಟೆ ಮುಂದಕ್ಕೆ ಜಾರುತ್ತದೆ, ಮೂತಿ ಬಂದು... ನೀನೇ ಬರೆದಿದ್ದೆಯಲ್ಲ. ನೀನು ಇಷ್ಟು ಚೆನ್ನಾಗಿ ಬಿಡಿಸಿ ಬರೆಯದಿದ್ದರೆ ನಾನು ಇಷ್ಟು ಚೆನ್ನಾಗಿ ಹೆದರುತ್ತಲೂ ಇರಲಿಲ್ಲ. ಯಾ ಅಲ್ಲಾ. ಮೇಷ್ಟ್ರ ಮನೆಯಿಂದ ಕರೆಯುತ್ತಿದ್ದಾರೆ.

ಸಂಜೆ

ಬದುಕಿದ್ದಾರೆ. ಇಬ್ಬರೂ ಬದುಕಿದ್ದಾರೆ.

ಫೋನಿನಲ್ಲಿ ಮೊದಲು ಇವರೇ ಮಾತಾಡಿದರು. "ಏನೂ ಆಗಿಲ್ಲ ಕಣೇ, ಗ್ಲಾಸ್ ಒಡೆದಿದೆ ಅಷ್ಟೆ, ಯಾಕೆ ಅಳ್ತೀಯ?" ಎಂದರು. ಆ ಧ್ವನಿ ಕೇಳಿಯೇ ಅಷ್ಟೆ ಅಲ್ಲ ಎಂದು ಗೊತ್ತಾಯಿತು. ಸಿದ್ರಾಗೆ ಕೊಡಿ ಎಂದೆ. ಅವಳೇ ಎಲ್ಲ ಹೇಳಿದಳು.

ಗಲ್ಲಿ ಬಾಯಿಗೆ ಬಂದ ಕೂಡಲೇ ಇವಳು ಎಂದಿನಂತೆ ಅಡವಿಯಪ್ಪನ ಜೊತೆ ಇಳಿದಿದ್ದಾಳೆ. ಇವರು "ಇವತ್ತು ಬೇಡ, ಹೊಸ ಬಟ್ಟೆ ಮಣ್ಣಾಗುತ್ತೆ, ಒಳಗೇ ಕೂತ್ಕೋ" ಎಂದರಂತೆ. "ಮಾಮೂ ಹೇಳವ್ರೆ" ಎಂದು ಹಟ ಮಾಡಿ ಇಳಿದಳಂತೆ. ಅಡವಿಯಪ್ಪ ಅವಳನ್ನು ಎದುರುಮನೆ ಜಗಲಿಯ ಮೇಲೆ ನಿಲ್ಲಿಸಿದ್ದಾನೆ. ಗಾಡಿ ಅರ್ಧ ತಿರುಗಿದೆ, ಮದುವೆ ಮನೆಯ ಮಕ್ಕಳು ಟ್ರೈಲರು ನೋಡಲು ಓಡಿ ಬಂದಿದ್ದಾರೆ, ಇವರು ಬ್ರೇಕ್ ತುಳಿದಿದ್ದಾರೆ. "ಟಕ್ ಅಂತು ಅಮ್ಮೀ. ಗೇಣು ಇಲ್ಲ ಅಬ್ಬಾ ಅಂತ ಕೂಗ್ದೆ, ಅಷ್ಟರಲ್ಲಿ ಒಳಗೆ ಬಂದ್ಬಿಡ್ತು" ಎಂದಳು.

ಟ್ರೈಲರಿನ ಮೂಲೆ ಹಿಂದಿನ ಗ್ಲಾಸು ಒಡೆದು ಎಡಗಡೆ ಸೀಟಿನ ತಲೆಯ ಮಟ್ಟಕ್ಕೆ ಬಂದು ನಿಂತಿದೆ. ಸೀಟಿನ ಮೇಲೆ ಅವಳು ಬಿಟ್ಟು ಹೋದ ಬಳೆ ಡಬ್ಬಿ ಇತ್ತಂತೆ. "ಒಂದೂ ಉಳೀಲಿಲ್ಲ ಅಮ್ಮೀ" ಎಂದು ಅತ್ತಳು. ಬಳೆಗೆ ಅತ್ತಳು ನನ್ನ ಬಂಗಾರ. ಇವರ ಕೆನ್ನೆಗೆ ಗಾಜು ಹೊಕ್ಕು ಹೊಲಿಗೆ ಹಾಕಿದ್ದಾರೆ.

ನೀನು ಬರೆದ ಒಂದು ಮಾತು ನನ್ನ ಮಗಳನ್ನು ಉಳಿಸಿತು. ಉಳಿಸಲು ಹೊರಟ ನಾನು ಅವಳನ್ನು ಕೊಂದೇ ಬಿಡುತ್ತಿದ್ದೆ. ಇದನ್ನು ಇವರಿಗೆ ಹೇಗೆ ಹೇಳಲಿ? ಹೇಳದೆ ಹೇಗೆ ಇರಲಿ? ಇವರು ನೋಡಿದರೆ ಅಡವಿಯಪ್ಪನನ್ನು ಕೆಲಸದಿಂದ ತೆಗೆಯುತ್ತೇನೆ, ಪಿನ್ನು ಕಳೆದವನು ಅವನೇ ಎನ್ನುತ್ತಿದ್ದಾರೆ.

ರೂಬಿ

*

ದಮ್ಮಾಮ್
26 ನವೆಂಬರ್ 1999

ರೂಬಿ,

ನಿನ್ನ ಕಾಗದ ಓದಿ ಯಾರ್ಡಿನಲ್ಲೇ ಕುಕ್ಕರಿಸಿಬಿಟ್ಟೆ. ಜೊತೆಯವರು ಊರಲ್ಲಿ ಯಾರೋ ಹೋದರು ಎಂದುಕೊಂಡು ನೀರು ತಂದು ಕೊಟ್ಟರು.

ನನ್ನ ಅಕ್ಟೋಬರಿನ ಕಾಗದ ನಿನಗೆ ಈಗ ತಲುಪಿರಬೇಕು. ಮಗುವನ್ನು ಕ್ಯಾಬಿನ್ನಿನೊಳಗೇ ಕೂರಿಸು, ಕೆಳಗೆ ಇಳಿಸಬೇಡ ಎಂದು ಬರೆದಿದ್ದೆನಲ್ಲ, ಅದು. ಏಳನೇ ತಾರೀಕಿನೊಳಗೆ ತಲುಪಲಿ ಎಂದು ಎಷ್ಟು ದುವಾ ಮಾಡಿದೆ ಗೊತ್ತೇ? ಕೇಳಿದ್ದನ್ನು ಕೊಡದೆ ಇರುವುದೂ ಅವನ ಕರುಣೆಯೇ ಇರಬೇಕು. ಅದು ಏಳಕ್ಕೆ ಮುಂಚೆಯೇ ತಲುಪಿದ್ದರೆ... ಇದನ್ನು ಬರೆಯಲಾರೆ.

ಮುಜಮ್ಮಿಲ್‌ಗೆ ನಿಜ ಹೇಳು. ಅಡವಿಯಪ್ಪನ ಅನ್ನ ಕಿತ್ತುಕೊಳ್ಳಬೇಡಿ. ಟ್ರೈಲರು ಮಾರಿಬಿಡಿ, ಸಿಕ್ಕಿದಷ್ಟಕ್ಕೆ ಗುಜರಿಗೆ ಹಾಕಿ. ಪಿನ್ನನ್ನು ಗುಬ್ಬಿ ಕೆರೆಗೆ ಎಸೆ. ಫೋಟೊ ಹರಿದುಹಾಕು. ನಾನು ಇನ್ನು ಯಾವ ಸಲಹೆಯನ್ನೂ ಕೊಡುವುದಿಲ್ಲ.

ಫೈಜಲ್

*

ಗುಬ್ಬಿ
12 ಡಿಸೆಂಬರ್ 1999

ಪ್ರೀತಿಯ ಭಾಯಿ,

ರಂಜಾನ್ ಶುರುವಾಗಿದೆ. ಮೊದಲನೇ ರೋಜಾದ ಉಪವಾಸ ಬಿಟ್ಟ ಮೇಲೆ ಇದನ್ನು ಬರೆಯಬೇಕೆಂದಿದ್ದೆ, ಆಗಲಿಲ್ಲ.

ನಿನ್ನ ಅಕ್ಟೋಬರಿನ ಕಾಗದ ನವೆಂಬರ್ ಹನ್ನೊಂದಕ್ಕೆ ಬಂತು. ಕೋಯಾನ ವಿಷಯ ಓದಿದೆ. ನಿನ್ನ ತೊಡೆ ನಡುಗುವುದನ್ನು ಓದಿ ಅಳು ಬಂತು, ಒಂದು ಥರ ಸಮಾಧಾನವೂ ಆಯಿತು. ನಮ್ಮ ಮನೆತನದಲ್ಲಿ ಹೆದರುಪುಕ್ಕಲಿ ನಾನೊಬ್ಬಳೇ ಅಲ್ಲವಲ್ಲ. ಆದರೆ ಭಾಯಿ, ಹೊರಗೆ ನಿಂತರೆ ಕೋಯಾನ ಗತಿ, ಒಳಗೆ ಕೂತಿದ್ದರೆ ಸಿದ್ರಾಳ ಗತಿ. ಹಾಗಾದರೆ ಮನುಷ್ಯರು ಎಲ್ಲಿ ನಿಲ್ಲಬೇಕು? ಈ ಪ್ರಶ್ನೆ ನನ್ನನ್ನು ಬಿಡುತ್ತಲೇ ಇಲ್ಲ.

ಇವರು ಕುಣಿಗಲ್ಲಿನಿಂದ ಬಂದ ದಿನವೇ ಹೇಳಿಬಿಟ್ಟೆ. ಅಡವಿಯಪ್ಪ ಲೆಕ್ಕ ಚುಕ್ತಾ ಮಾಡಿಸಿಕೊಳ್ಳಲು ಬಾಗಿಲಲ್ಲಿ ಕೂತಿದ್ದ. ನಾನು ಅಕ್ಕಿ ಡಬ್ಬಿ ತಂದು ಇವರ ಮುಂದೆಯೇ ಕೈ ಹಾಕಿ ಪಿನ್ನು ತೆಗೆದು ಮಂಚದ ಮೇಲಿಟ್ಟೆ. ಅದಕ್ಕೆ ಅಕ್ಕಿಯ ಹೊಟ್ಟು ಅಂಟಿತ್ತು. ಇವರು ಹೊಡೆಯುತ್ತಾರೆ ಎಂದುಕೊಂಡಿದ್ದೆ. ಹೊಡೆದಿದ್ದರೆ ಚೆನ್ನಾಗಿತ್ತು. ಅಡವಿಯಪ್ಪನೇ ಮೊದಲು ಬಾಯಿ ಬಿಟ್ಟ. "ಬುಡಮ್ಮಾ, ಅಳ್ಬ್ಯಾಡ. ಗೂಟ ಒಡ್ದೋನು ನಾನಲ್ವಾ? ಬ್ಯಾಡ ಸಾಬ್ರೇ ಅನ್ಬೇಕಿತ್ತು, ಅನ್ನಿಲ್ಲ" ಎಂದ. ಅವನು ಕೆಲಸದಲ್ಲೇ ಇದ್ದಾನೆ.

ಒಂದು ವಾರ ಇವರು ನನ್ನ ಜೊತೆ ಮಾತಾಡಲಿಲ್ಲ. ಟ್ರೈಲರು ಅಂಗಡಿ ಮುಂದೆ ಕತ್ತು ನೆಲಕ್ಕೆ ಹಾಕಿಕೊಂಡು ನಿಂತಿತ್ತು. ಮಾರುವುದಿಲ್ಲ ಭಾಯಿ. ನಾನೂ ಕೇಳಿದೆ, ಮೇಷ್ಟ್ರೂ ಹೇಳಿ ನೋಡಿದರು. "ಗಾಡಿ ತಪ್ಪು ಮಾಡಿಲ್ಲ, ನಾವು ಮಾಡಿದ್ದು" ಎಂದುಬಿಟ್ಟರು. ಕ್ಯಾಬಿನ್ನು ತಟ್ಟಿಸಿ, ಗ್ಲಾಸಿನ ಜಾಗಕ್ಕೆ ದಪ್ಪ ಕಂಬಿಗಳನ್ನು ಕೂರಿಸಿಕೊಂಡು ಬಂದಿದ್ದಾರೆ. ಸಿದ್ರಾಳನ್ನು ಇನ್ನು ಗಾಡಿಯ ಹತ್ತಿರ ಬಿಡುವುದಿಲ್ಲ, ಒಳಗೂ ಇಲ್ಲ ಹೊರಗೂ ಇಲ್ಲ. ಅವಳಿಗೆ ನನ್ನ ಮೇಲೆ ಕೋಪ.

ಮೊನ್ನೆ ಶುಕ್ರವಾರ ನಮಾಜಿನಿಂದ ಬಂದವರು ನನ್ನನ್ನು ಅಂಗಡಿ ಮುಂದೆ ಕರೆದರು. ಪಿನ್ನು ಕೈಯಲ್ಲಿತ್ತು. "ತಗೋ" ಎಂದರು. ಯಾಕೆ ಎಂದೆ.

"ಇನ್ಮೇಲೆ ಇದು ನಿನ್ ಹತ್ರಾನೇ ಇರ್ಲಿ. ಹೊರಡೋವಾಗ ನೀನೇ ಬಂದು ಹಾಕ್ಬೇಕು. ಭಾರ ಎಲ್ಲಿದೆ, ತಟ್ಟೆ ಎಲ್ಲಿದೆ, ಎಲ್ಲಾ ನೋಡು. ಭಾಯಿ ಕಾಗದ ನಿಂಗೆ ಬಾಯಿಪಾಠ ಇದೆಯಲ್ಲ. ನಿಂಗೆ ಸರಿ ಅನ್ಸಿದ್ರೆ ಹಾಕು, ಇಲ್ಲಾಂದ್ರೆ ಬೇಡ. ಯಾಕೆ ಅಂತ ನಾನು ಕೇಳಲ್ಲ. ನೀನು ಹಾಕ್ದಿದ್ರೆ ಗಾಡಿ ಅಲ್ಲಾಡಲ್ಲ."

"ನಂಗೆ ಭಯ" ಎಂದೆ.

"ಅದಕ್ಕೇ ನಿಂಗೆ ಕೊಡ್ತಿರೋದು" ಎಂದರು. ಕೆನ್ನೆಯ ಹೊಲಿಗೆ ಎಳೆಯುತ್ತದೆ, ಈಗ ನಗಲು ಆಗುವುದಿಲ್ಲ ಇವರಿಗೆ.

ನಿನ್ನ ಕಾಗದ ನಿನ್ನೆ ಬಂತು. ಪಿನ್ನನ್ನು ಕೆರೆಗೆ ಎಸೆ ಎಂದಿದ್ದೀಯ. ಎಸೆದರೆ ಇನ್ನೊಂದು ಗೂಟ ಬರುತ್ತದೆ ಭಾಯಿ. ನಮ್ಮ ಮನೆಯಲ್ಲಿ ಗೂಟಕ್ಕೆ ಬರವಿಲ್ಲ.

ಇಷ್ಟು ದಿನ ಬಾಗಿಲಲ್ಲಿ ನಿಂತು ಹೆದರುತ್ತಿದ್ದೆ. ಅದು ಎಷ್ಟು ಸುಲಭವಾಗಿತ್ತು ಎಂದು ಈಗ ಗೊತ್ತಾಗುತ್ತಿದೆ. ಏನಾದರೂ ಆದರೆ ಅಲ್ಲಾಹನನ್ನು ಕೇಳಬಹುದಿತ್ತು, ಇವರನ್ನು ಬೈಯಬಹುದಿತ್ತು. ಇನ್ನು ಮೇಲೆ ಪ್ರತಿ ಸಲವೂ ಇವರನ್ನು ನನ್ನ ಕೈಯಾರೆ ಕಳಿಸಬೇಕು.

ನಾಳೆ ತುಮಕೂರಿನಲ್ಲಿ ಇಫ್ತಾರ್ ಶಾಮಿಯಾನದ ಆರ್ಡರ್ ಇದೆ. ಬೆಳಗಾಗುವ ಮುಂಚೆ ಸಹರಿಯ ಊಟಕ್ಕೆ ಎದ್ದು, ಅನ್ನ ಮಾಡಿ, ಎಲ್ಲರಿಗೂ ಬಡಿಸಿ, ಬೆಳಕಾದ ಮೇಲೆ ಹೊರಗೆ ಹೋಗಿ ಹಾಕಬೇಕು. ಪಿನ್ನು ಈಗ ನನ್ನ ಮಡಿಲಲ್ಲಿದೆ. ಉಂಗುರಕ್ಕೆ ಎರಡು ಬೆರಳು ತೂರಿಸಿಕೊಂಡು ಎಡಗೈಯಲ್ಲಿ ಹಿಡಿದಿದ್ದೇನೆ, ಬಲಗೈಯಲ್ಲಿ ನಿನಗೆ ಬರೆಯುತ್ತಿದ್ದೇನೆ. ಎಷ್ಟು ಹೊತ್ತು ಹಿಡಿದರೂ ಬೆಚ್ಚಗಾಗುತ್ತಿಲ್ಲ.

ನೀನೂ ಒಂದು ದಿನ ಆ ಸೀಟಿನ ಮೇಲೆ ಕೂತು ನೋಡು ಭಾಯಿ. ಗಾಡಿ ಶುರು ಮಾಡಬೇಡ. ಸುಮ್ಮನೆ ಕೂತುಕೋ. ನಾಳೆ ಬೆಳಿಗ್ಗೆ ನಾನು ಟ್ರೈಲರಿನ ಹತ್ತಿರ ನಿಂತಿರುವ ಹೊತ್ತಿಗೆ ನೀನೂ ಅಲ್ಲಿ ನಡುಗುತ್ತಾ ಕೂತಿದ್ದೀಯ ಎಂದುಕೊಂಡರೆ ನನ್ನ ಕೈ ಸ್ವಲ್ಪ ನಿಲ್ಲಬಹುದು. ಈ ಕಾಗದ ನಿನಗೆ ನಾಳೆಯೊಳಗೆ ತಲುಪುವುದಿಲ್ಲ, ಗೊತ್ತು. ಆದರೂ ಕೂತುಕೋ.

ನಿನ್ನ ತಂಗಿ,
ರೂಬಿ